ಕಮಲಾಪುರದವರ ಒಂದೇ ಒಂದು ಕ್ಯಾಸೆಟ್

ಹಾಡಿನ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ ಎಂದು ಈಗೀಗ ನಾನೇ ಮೊದಲು ಹೇಳಿಬಿಡುತ್ತೇನೆ. ಕೇಳಿದರೆ ಹೇಳದೆ ಇರಲಾರೆ, ಹೇಳಿದರೆ ಜಗಳವಾಗುತ್ತದೆ, ಜಗಳವಾಡುವ ತ್ರಾಣ ಈಗ ಉಳಿದಿಲ್ಲ. ಕಲಬುರಗಿಯ ಜೇವರ್ಗಿ ಕಾಲೋನಿಯ ಒಂದು ಕ್ಲಿನಿಕ್ಕಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸ ನನ್ನದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಸಾಲಾಗಿ ಕೂತವರ ತೋಳಿಗೆ ಪಟ್ಟಿ ಕಟ್ಟಿ, ನರ ಹುಡುಕಿ, ಸೂಜಿ ಚುಚ್ಚಿ, ಬೈಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಸೊಂಟ ಹಿಡಿದುಬಿಡುತ್ತದೆ. ಸಂಜೆ ಮನೆಗೆ ಬಂದು ಫ್ಯಾನಿನ ಕೆಳಗೆ ಬಿದ್ದುಕೊಂಡರೆ ಸಾಕಪ್ಪಾ ಅನ್ನಿಸುತ್ತದೆ. ಒಂದು ಕಾಲಕ್ಕೆ ಹೀಗಿರಲಿಲ್ಲ. ಯಾವ ಆಲ್ಬಮ್ಮಿನ ಯಾವ ಹಾಡು ಯಾಕೆ ಕೆಟ್ಟಿತು ಎಂದು ಹೋಟೆಲಿನಲ್ಲಿ ಕೂತು, ಮುಂದಿಟ್ಟ ಚಹಾ ತಣ್ಣಗಾಗುವ ತನಕ ವಾದಿಸುತ್ತಿದ್ದೆ. ನಾನು ಬರುವುದನ್ನು ಕಂಡು ಎದ್ದು ಬೇರೆ ಟೇಬಲಿಗೆ ಹೋದವರೂ ಇದ್ದಾರೆ.

ಆದರೂ ಹೇಳುತ್ತೇನೆ. ನಮ್ಮ ಕಡೆ ಬ್ಯಾಂಡ್ ಎಂದರೆ ಮೊದಲಿಗೆ ಮದುವೆಯ ಬ್ಯಾಂಡೇ. ಕೆಂಪು ಕೋಟು, ಹಿತ್ತಾಳೆಯ ಗುಂಡಿ, ಅಳತೆಗೆ ಸರಿಹೋಗದ ಪ್ಯಾಂಟು. ಕಲಬುರಗಿಯಲ್ಲಿ ಅಂಥವು ಬೇಕಾದಷ್ಟಿದ್ದವು. ಅದರಲ್ಲೊಂದು ಬ್ಯಾಂಡಿನ ಕ್ಲಾರಿಯೊನೆಟ್ ಊದುವವನು ಮಾತ್ರ ಬೇರೆಯೇ. ದಾರಿಯುದ್ದಕ್ಕೂ ಎಲ್ಲರಂತೆ ಸಿನಿಮಾ ಹಾಡು ಊದುತ್ತಿದ್ದ. ಮದುಮಗ ಕುದುರೆಯಿಂದ ಇಳಿಯುವ ಗದ್ದಲದಲ್ಲಿ, ಯಾರ ಗಮನವೂ ಇಲ್ಲದಾಗ, ಒಂದು ಗಳಿಗೆ ತನಗೆ ಬೇಕಾದದ್ದನ್ನು ಊದಿಕೊಳ್ಳುತ್ತಿದ್ದ. ಅದಕ್ಕಾಗಿಯೇ ಗುರುತು ಪರಿಚಯ ಇಲ್ಲದವರ ಮೆರವಣಿಗೆಯ ಹಿಂದೆ ನಾನು ಮಂಟಪದ ಬಾಗಿಲ ತನಕ ನಡೆದಿದ್ದೇನೆ. ಹುಡುಗಿಯ ಕಡೆಯವರು ನನ್ನನ್ನು ಹುಡುಗನ ಕಡೆಯವನೆಂದು, ಹುಡುಗನ ಕಡೆಯವರು ಹುಡುಗಿಯ ಕಡೆಯವನೆಂದು ತಿಳಿದು ಊಟಕ್ಕೆ ಕರೆದದ್ದೂ ಉಂಟು. ಈಗ ಅದೇ ಬ್ಯಾಂಡಿನವರು ಡಿಜೆ ಲಾರಿಯ ಹಿಂದೆ ವಾದ್ಯ ಬಾಯಿಗಿಟ್ಟುಕೊಂಡು ನಡೆಯುತ್ತಾರೆ. ಊದುತ್ತಾರೋ ಸುಮ್ಮನೆ ಕೆನ್ನೆ ಉಬ್ಬಿಸುತ್ತಾರೋ ಯಾರಿಗೂ ತಿಳಿಯುವುದಿಲ್ಲ. ನನ್ನ ಕಿಟಕಿಯ ಗಾಜು ಮಾತ್ರ ನಡುಗುತ್ತದೆ.

ಬೆಂಗಳೂರಿನಿಂದ ಬರುತ್ತಿದ್ದ ಭಾವಗೀತೆಯ ಆಲ್ಬಮ್ಮುಗಳನ್ನೂ ಕೇಳಿದ್ದೇನೆ. ಎಲ್ಲ ಚೆನ್ನಾಗಿಯೇ ಇರುತ್ತಿತ್ತು. ಅಷ್ಟು ಚೆನ್ನಾಗಿರುವುದೇ ನನಗೆ ಆಗಿಬರುವುದಿಲ್ಲ. ಇಸ್ತ್ರಿ ಮಾಡಿಟ್ಟ ದನಿಗಳು, ಎಲ್ಲಿಯೂ ಸುಕ್ಕಿಲ್ಲ. ವಿರಹದ ಹಾಡು ಹಾಡಿ ಹೊರಬಂದು ಕಾಫಿ ಕುಡಿದಿರುತ್ತಾರೆ ಎಂದು ನನಗೆ ಪ್ರತಿ ಸಲವೂ ಅನ್ನಿಸಿಬಿಡುತ್ತಿತ್ತು. ಇತ್ತೀಚೆಗೆ ನಮ್ಮೂರಿನ ಇಂಜಿನಿಯರಿಂಗ್ ಹುಡುಗರು ಕೆಲವರು ಗಿಟಾರು ಹಿಡಿದು ಒಂದು ಬ್ಯಾಂಡ್ ಕಟ್ಟಿದ್ದಾರೆ. ತತ್ವಪದಗಳನ್ನು ಕಿರುಚುತ್ತಾರೆ. ಗುರು, ದೇಹ, ಸಾವು ಎಲ್ಲವನ್ನೂ ಒಂದೇ ಸಿಟ್ಟಿನಲ್ಲಿ ಕಿರುಚುತ್ತಾರೆ. ಹಾಡುವವನಿಗೆ ಎರಡು ಬಿಗಿಯಬೇಕು ಅನ್ನಿಸಿತು. ಡ್ರಮ್ ಬಾರಿಸುವ ಹುಡುಗನ ಕೈ ಮಾತ್ರ ಚೊಕ್ಕ, ಅದನ್ನು ಒಪ್ಪಿಕೊಳ್ಳಲೇಬೇಕು.

ನಮ್ಮೂರ ದರ್ಗಾ ಇರುವ ರೋಜಾ ಬಡಾವಣೆಯ ಕವ್ವಾಲಿಯವರ ವಿಷಯ ಬಂದರೆ ಮಾತ್ರ ನಾನು ಸ್ವಲ್ಪ ಮೆತ್ತಗಾಗುತ್ತೇನೆ. ಉರುಸಿನ ದಿನಗಳಲ್ಲಿ ದರ್ಗಾದ ಸುತ್ತಿನ ಓಣಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ನೂಕುನುಗ್ಗಲಿನಲ್ಲಿ ಅಣ್ಣತಮ್ಮ ಇಬ್ಬರ ಒಂದು ತಂಡ ಹಾಡುತ್ತಿತ್ತು. ಅವರ ಕ್ಯಾಸೆಟ್ಟುಗಳು ಎಲ್ಲವೂ ನನ್ನ ಹತ್ತಿರ ಇದ್ದವು. ಕೊನೆಯದರಲ್ಲಿ ಯಾರೋ ಬುದ್ಧಿವಂತ ದನಿಗೆ ಗುಯ್ಯೆನ್ನುವ ಪ್ರತಿಧ್ವನಿ ಸೇರಿಸಿ ಹಾಳು ಮಾಡಿದ. ಅದಕ್ಕೂ ಮೊದಲಿನವು ಅಪ್ಪಟ. ನಾನೊಂದು ಸಿದ್ಧಾಂತವನ್ನೇ ಕಟ್ಟಿದ್ದೆ: ಕ್ಯಾಸೆಟ್ಟಿನ ಮೊದಲ ಬದಿಯನ್ನು ಅಂಗಡಿಯವನಿಗಾಗಿ ಹಾಡುತ್ತಾರೆ, ಎರಡನೆಯ ಬದಿಯನ್ನು ತಮಗಾಗಿ ಹಾಡಿಕೊಳ್ಳುತ್ತಾರೆ. ಈಗ ಎಲ್ಲರೂ ಫೋನಿನಲ್ಲಿ ಒಂದೊಂದೇ ಹಾಡು ಬಿಡುತ್ತಾರೆ. ಎರಡನೆಯ ಬದಿಯೇ ಇಲ್ಲದ ಮೇಲೆ ನನ್ನ ಸಿದ್ಧಾಂತವನ್ನು ಎಲ್ಲಿ ಇಟ್ಟುಕೊಳ್ಳಲಿ?

ಇನ್ನೊಂದು ಹಟವೂ ಇತ್ತು ನನಗೆ. ಹಾಡುವವರನ್ನು ಹೋಗಿ ನೋಡಬಾರದು. ಆ ಕ್ಲಾರಿಯೊನೆಟ್ಟಿನವನನ್ನು ಒಮ್ಮೆ ಧೈರ್ಯ ಮಾಡಿ ಮಾತಾಡಿಸಿದ್ದೆ. ನನ್ನ ಕೆಲಸ ಏನೆಂದು ಕೇಳಿ ತಿಳಿದುಕೊಂಡವನೇ ಜೇಬಿನಿಂದ ಮಡಚಿದ ಚೀಟಿ ತೆಗೆದು, "ನೋಡ್ರಿ, ಶುಗರ್ ಭಾಳ ಅದ ಏನ್ರಿ?" ಎಂದ. ಶುಗರ್ ಜಾಸ್ತಿಯೇ ಇತ್ತು. ಅಂದಿನಿಂದ ಅವನು ಊದುವಾಗಲೆಲ್ಲ ನನಗೆ ಆ ಚೀಟಿಯೇ ನೆನಪಾಗುತ್ತಿತ್ತು.

ಹೀಗೆ ಇವರಿಗೆಲ್ಲ ಒಂದೊಂದು ಕೊಂಕು ಹುಡುಕಿದ ನಾನು, ಒಂದು ತಂಡದ ಬಗ್ಗೆ ಮಾತ್ರ ಎಂದೂ ಕೊಂಕು ಮಾತಾಡಿದವನಲ್ಲ. ಅದು ಕಮಲಾಪುರದ ಭಜನೆಯ ತಂಡ. ಅವರದು ಒಂದೇ ಒಂದು ಕ್ಯಾಸೆಟ್. ಅದರ ಮೊದಲೂ ಇಲ್ಲ, ನಂತರವೂ ಇಲ್ಲ. ಹಾರ್ಮೋನಿಯಂ, ತಬಲಾ, ತಾಳ, ಇಷ್ಟೇ ವಾದ್ಯ. ಆದರೆ ಆ ಮುಖ್ಯ ಹಾಡುಗಾರನ ದನಿ! ದಪ್ಪ, ಭಾರದ ದನಿ. ಒಂದು ಸಾಲು ಹಾಡಿ, ಎಲ್ಲೋ ದೂರ ಹೋಗಬೇಕಾದವನು ಕಟ್ಟೆಯ ಮೇಲೆ ಕೂತು ದಣಿವಾರಿಸಿಕೊಳ್ಳುವಂತೆ ನಿಲ್ಲುತ್ತಿದ್ದ. ಆಮೇಲೆ ಅವಸರವಿಲ್ಲದೆ ಮುಂದಿನ ಸಾಲಿಗೆ ಏಳುತ್ತಿದ್ದ. ಉಳಿದ ಭಜನೆಯವರೆಲ್ಲ ಬಸ್ಸು ತಪ್ಪಿಹೋಗುತ್ತದೆ ಎನ್ನುವಂತೆ ಹಾಡುತ್ತಾರೆ, ಇವನೊಬ್ಬನಿಗೆ ಮಾತ್ರ ಕಾಯುವುದು ಗೊತ್ತು ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಕೊನೆಯ ಹಾಡು ಅರ್ಧಕ್ಕೇ ನಿಂತುಬಿಡುತ್ತಿತ್ತು. ಸಾಲೊಂದರ ನಡುವೆ, ಪಟ್ಟನೆ. ಅದಕ್ಕೂ ನನ್ನದೊಂದು ವ್ಯಾಖ್ಯಾನ ಇತ್ತು. ಹಾಡನ್ನು ಮುಗಿಸದೆ ಬಿಡಲು ಎದೆಗಾರಿಕೆ ಬೇಕು, ಸಾವು ಹೇಳಿ ಬರುತ್ತದೆಯೇ ಎಂದು ಕೇಳಿದಂತಿದೆ ಇದು, ಇತ್ಯಾದಿ ಇತ್ಯಾದಿ. ಹೀಗೆ ಹಾಡಬಲ್ಲವನು ಒಂದೇ ಕ್ಯಾಸೆಟ್ಟಿಗೆ ಯಾಕೆ ನಿಲ್ಲಿಸಿದ ಎನ್ನುವುದು ಮಾತ್ರ ನನಗೆ ಬಗೆಹರಿಯದ ಪ್ರಶ್ನೆಯಾಗಿತ್ತು. ಕಮಲಾಪುರವೇನು ದೂರವಲ್ಲ, ಊಟ ಮುಗಿಸಿ ಹುಮನಾಬಾದ ರಸ್ತೆಯ ಬಸ್ಸು ಹತ್ತಿದರೆ ಸಂಜೆಯ ಚಹಾದ ಹೊತ್ತಿಗೆ ಹೋಗಿ ಬರಬಹುದು. ಆದರೆ ಹಾಡುವವರನ್ನು ನೋಡಬಾರದೆಂಬ ಹಟ ಇತ್ತಲ್ಲ, ಹೋಗಲಿಲ್ಲ.

ಮದುವೆಯಾದ ಹೊಸತರಲ್ಲಿ, ಕೆಲಸ ಕಾಯಂ ಆಗದೆ ಅಲೆದಾಡುವಾಗ, ಅಮ್ಮ ಹೋದ ಮೇಲೆ, ಮಗಳಿಗೆ ಟೈಫಾಯ್ಡ್ ಆಗಿ ಆಸ್ಪತ್ರೆಯಲ್ಲಿ ಕೂತು ಬಂದ ಮೇಲೆ, ನನಗೆ ಆ ದನಿಯೇ ಆಸರೆ. ಬೇಜಾರಾದಾಗ ಜನ ದೇವರ ಮನೆಗೆ ಹೋಗುತ್ತಾರೆ, ನಾನು ಕ್ಯಾಸೆಟ್ ಪ್ಲೇಯರಿನ ಹತ್ತಿರ ಹೋಗುತ್ತಿದ್ದೆ. ದಣಿದವನ ಸಂಗಡ ಇನ್ನೊಬ್ಬ ದಣಿದವನು ಕೂತಂತಿರುತ್ತಿತ್ತು. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಈ ಬೇಸಿಗೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ ಮಗಳು ಫೋನ್ ಹಿಡಿದುಕೊಂಡು ಓಡಿ ಬಂದಳು. ಅವಳು ಇಲ್ಲೇ ಫಾರ್ಮಸಿ ಓದುತ್ತಾಳೆ. "ಅಪ್ಪಾ, ನಿಮ್ಮ ಕಮಲಾಪುರದವ್ರು ಸಿಕ್ಕಾರ ನೋಡ್ರಿ! ಯಾರೋ ಪೂರಾ ಕ್ಯಾಸೆಟ್ ಹಾಕ್ಯಾರ" ಎಂದು ಹಚ್ಚಿದಳು.

ಹಾರ್ಮೋನಿಯಂ ಓಡಿತು. ತಬಲಾ ಓಡಿತು. ಆಮೇಲೆ ಒಂದು ತೆಳ್ಳಗಿನ, ಎತ್ತರದ ದನಿ ಒಂದು ಸಾಲಿನ ಬೆನ್ನಿಗೇ ಇನ್ನೊಂದು ಸಾಲು ಹಿಡಿದು ಓಡಿತು. ಹಾಡು ಅದೇ, ಪದ ಅದೇ, ಮನುಷ್ಯ ಮಾತ್ರ ಅವನಲ್ಲ.

"ಸ್ಪೀಡ್ ಹೆಚ್ಚು ಮಾಡ್ಯಾರ. ಮೂರ್ಖರು" ಎಂದೆ.

"ಇಲ್ಲಪ್ಪಾ. ಕೆಳಗ ಬರದಾರಲ್ಲ, ಅಂಗಡ್ಯಾಗ ಮಾರಾಟಕ್ಕ ಬಂದಿದ್ದ ಕ್ಯಾಸೆಟ್ಟೇ ಇದು."

"ಕೆಳಗ ಬರಿಯೋರಿಗಿ ಏನ್ ಗೊತ್ತದ?"

ಒಳಗಿನಿಂದ ಹೆಂಡತಿ, "ಯಾರದ್ದು ಖರೇ ಅಂತ ಕ್ಯಾಸೆಟ್ ಮಾಡಿಕೊಟ್ಟವರಿಗೇ ಕೇಳಬಾರದೇನ್ರಿ, ಮನ್ಯಾಗ ಯಾಕ ಒದರತೀರಿ?" ಎಂದಳು. ಬಿಸಿಲು ಇಳಿಯುವುದನ್ನೂ ಕಾಯದೆ ನಾನು ರೋಜಾಕ್ಕೆ ಹೊರಟೆ.

ಅಲ್ಲಿ ನನ್ನ ಹಳೆಯ ಗೆಳೆಯನ ಅಂಗಡಿಯಿದೆ. ಒಂದು ಕಾಲಕ್ಕೆ ಗೋಡೆಯ ತುಂಬ ಕ್ಯಾಸೆಟ್ಟುಗಳಿದ್ದ ಅಂಗಡಿ. ಈಗ ಅದೇ ಗೋಡೆಯ ಮೇಲೆ ಮೊಬೈಲ್ ಕವರುಗಳು ನೇತಾಡುತ್ತವೆ. ಯಾವುದಾದರೂ ಕ್ಯಾಸೆಟ್ ಮುಗಿದುಹೋಗಿದ್ದರೆ, ತನ್ನ ಹತ್ತಿರ ಉಳಿದ ಒಂದು ಅಸಲಿಯಿಂದ ಅವನು ಕಾಪಿ ಮಾಡಿಕೊಡುತ್ತಿದ್ದ. ನನ್ನ ಕಮಲಾಪುರದವರೂ ಹಾಗೆ ಅವನ ಕೈಯಿಂದಲೇ ಬಂದವರು. ನಾನು ರಕ್ತ ತೆಗೆಯುವವನಾದ್ದರಿಂದ ಅವನು ನನ್ನನ್ನು ಡಾಕ್ಟರ್ ಸಾಬ್ ಎಂದು ಕಾಡಿಸುತ್ತಾನೆ.

"ಆವೋ ಡಾಕ್ಟರ್ ಸಾಬ್. ಇಂಥಾ ಬಿಸಲಾಗ ಯಾರಿಗಿ ಬೈಲಾಕ ಬಂದ್ರಿ?" ಎಂದು ಸ್ಟೂಲು ಸರಿಸಿದ.

ಮಗಳಿಂದ ನನ್ನ ಫೋನಿಗೆ ಹಾಕಿಸಿಕೊಂಡು ಬಂದಿದ್ದ ಹಾಡನ್ನು ಅವನಿಗೆ ಕೇಳಿಸಿದೆ. ಸ್ಪೀಡ್ ಹೆಚ್ಚು ಮಾಡಿ ಹೇಗೆ ಕೆಡಿಸಿದ್ದಾರೆ ನೋಡು ಎಂದೆ. ಅವನು ಕೇಳಿದ. ಗಲ್ಲ ಕೆರೆದುಕೊಂಡ. ಗಿರಾಕಿಯೊಬ್ಬನಿಗೆ ಚಾರ್ಜರ್ ಕೊಟ್ಟು ಕಳಿಸಿದ. ಹೇಳಬೇಕಾದದ್ದನ್ನು ಮುಂದೂಡುತ್ತಿದ್ದಾನೆಂದು ನನಗೆ ಆಗಲೇ ಗೊತ್ತಾಯಿತು.

"ಸಿಟ್ಟಾಗಬ್ಯಾಡ್ರಿ ಈಗ" ಎಂದ. "ನನ್ನ ಆ ಮಶೀನ್ ನೆನಪದಲ್ಲ, ಎರಡು ಕ್ಯಾಸೆಟ್ ಹಾಕೋದು? ಅದರಾಗ ಅಸಲಿ ಹಾಕೋ ಬಾಜು ಬೆಲ್ಟ್ ಸಡ್ಲ ಆಗಿತ್ತು. ಅಸಲಿ ತಡಾ ತಡಾ ತಿರಗತಿತ್ತು. ತಡಾ ತಿರಗಿದ್ರ ಆವಾಜ್ ದಪ್ಪ ಆಗತಾದ, ಹಾಡ ಎಳದಂಗ ಆಗತಾದ. ಕಾಪಿನಾಗ ಹಂಗೇ ಇಳೀತು. ಆ ಟೈಮಿನಾಗ ಮಾಡಿದ್ದೆಲ್ಲಾ ಖರಾಬ್. ಮಂದಿ ವಾಪಸ್ ತಂದು ನನ್ನ ಮಾರಿ ಮ್ಯಾಲ ಒಗದ್ರು."

"ನಂದು?"

"ನಿಮ್ದೂ ಅದರಾಗಿಂದೇ."

"ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳ್ಬೇಕಂತೇ ಇದ್ದೆ. ಇನ್ನೊಂದು ಚಲೋ ಕಾಪಿ ಮಾಡಿ ತೆಗದೂ ಇಟ್ಟಿದ್ದೆ. ನೀವು ಬಂದವ್ರೇ ನನ್ನ ಎರಡೂ ಕೈ ಹಿಡಕೊಂಡ್ರಿ. ಕ್ಯಾ ಗಾಯಾ ಭಾಯ್, ಹಿಂಗ ಯಾರೂ ಹಾಡಿಲ್ಲ ಅಂದ್ರಿ. ಕಣ್ಣಾಗ ನೀರಿತ್ತು ನಿಮಗ. ಹ್ಯಾಂಗ್ ಹೇಳಲಿ ನಾ, ಸಾಬ್, ಅದು ಬೆಲ್ಟ್ ಸಡ್ಲ ಅಂತ?"

ನಾನು ಫೋನನ್ನು ಜೇಬಿಗಿಟ್ಟುಕೊಂಡೆ. ಅವನೇ ಮುಂದುವರಿಸಿದ. "ಮೊದಲ್ನೇ ದಿನ ಹೇಳಲಿಲ್ಲ ಅಂದಮ್ಯಾಲ ಮುಂದ ಹ್ಯಾಂಗ್ ಹೇಳಾದು? ನಿಮ್ದರಾಗ ಕಡೀ ಹಾಡ ಅರ್ಧಕ್ಕೇ ನಿಂತದಲ್ಲ? ಹಾಡ ಉದ್ದ ಆಗಿ ರೀಲ್ ಸಾಲಲಿಲ್ಲ, ಅಷ್ಟೇ."

ಎದೆಗಾರಿಕೆ, ಸಾವು, ನನ್ನ ವ್ಯಾಖ್ಯಾನ ಎಲ್ಲವೂ ರೀಲು ಸಾಲದ್ದಕ್ಕೆ ಬಂದು ನಿಂತಿತು. ಅವನ ಮೇಲೆ ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ಚಹಾ ತರಿಸಿದ, ಕುಡಿದೆ. ಅಂಗಡಿಯ ಮುಂದೆ ದರ್ಗಾದ ಕಡೆ ಹೂವಿನ ಚಾದರ ಹಿಡಿದು ಹೋಗುವವರನ್ನು ನೋಡುತ್ತ ಕೂತೆವು. ಹೊರಡುವಾಗ ಅವನೇ, "ಆ ಹಾಡಿದವ್ರು ಕಮಲಾಪುರದಾಗೇ ಹಿಟ್ಟಿನ ಗಿರಣಿ ಇಟ್ಕೊಂಡಾರ. ಒಂದ್ ಸಲ ಹೋಗಿ ಬರ್ರಿ. ಅವ್ರ ಖರೇ ಆವಾಜ್ ಹ್ಯಾಂಗದ, ನಿಮ್ಮ ಕಿವೀಲೇ ಕೇಳಿ ಬರ್ರಿ" ಎಂದ.

ಕೆಲವು ವಾರ ನಾನು ಏನನ್ನೂ ಕೇಳಲಿಲ್ಲ. ಕ್ಯಾಸೆಟ್ ಹಚ್ಚಿದರೆ ಸಡಿಲಾದ ಬೆಲ್ಟಿನದೇ ಯೋಚನೆ. ಫೋನಿನಲ್ಲಿ ಹಚ್ಚಿದರೆ ಅದು ಯಾರೋ ಅಪರಿಚಿತ. ಇಷ್ಟು ವರ್ಷ ನನ್ನ ಪಕ್ಕ ಕೂತಿದ್ದ ಆ ದಣಿದ ಮನುಷ್ಯ ಹುಟ್ಟಿಯೇ ಇರಲಿಲ್ಲವೇ? ಇಲ್ಲದವನಿಗಾಗಿ ನಾನು ಇದ್ದವರನ್ನೆಲ್ಲ ಬೈದೆನೇ? ಕ್ಲಿನಿಕ್ಕಿನಲ್ಲಿ ಒಬ್ಬಳು ಹೆಣ್ಣುಮಗಳು, "ಯಾಕ್ರಿ ಅಣ್ಣಾರ, ಇವತ್ತು ಚುಚ್ಚಿದ್ದು ಭಾಳ ನೋವಾಯ್ತು" ಎಂದಳು. ಅವತ್ತೇ ಇದಕ್ಕೊಂದು ಕೊನೆ ಕಾಣಿಸಬೇಕು ಅಂದುಕೊಂಡೆ. ರಜೆ ಹಾಕಿ, ಕ್ಯಾಸೆಟ್ ಪ್ಲೇಯರನ್ನು ಕೈಚೀಲದಲ್ಲಿಟ್ಟುಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಹಟ ಮುರಿದದ್ದಕ್ಕೆ ದುಃಖವಾಗಲಿಲ್ಲ. ಹಟಕ್ಕೂ ತ್ರಾಣ ಬೇಕಲ್ಲ.

ರಸ್ತೆಯ ಪಕ್ಕ ಬುಟ್ಟಿಗಳಲ್ಲಿ ಕೆಂಪು ಬಾಳೆಹಣ್ಣು ಇಟ್ಟುಕೊಂಡು ಕೂತವರನ್ನು ಕೇಳಿದೆ. ಹಾಡುಗಾರರು ಎಂದರೆ ಯಾರಿಗೂ ಗೊತ್ತಾಗಲಿಲ್ಲ. ಗಿರಣಿ ಎಂದ ಕೂಡಲೇ ಕೈ ತೋರಿಸಿದರು. ಮನೆಗೆ ಅಂಟಿಕೊಂಡ ತಗಡಿನ ಶೆಡ್ಡು. ಒಳಗೆ ಮೋಟಾರು ಗುಡುಗುತ್ತಿತ್ತು. ಜೋಳದ ಡಬ್ಬಿ ಇಟ್ಟುಕೊಂಡು ನಾಲ್ಕಾರು ಹೆಂಗಸರು ಹೊಸ್ತಿಲ ಬಳಿ ಕೂತಿದ್ದರು. ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡ, ನನಗಿಂತ ಹಿರಿಯ, ತೆಳ್ಳಗಿನ ಮನುಷ್ಯ ನನ್ನ ಚೀಲ ನೋಡಿ, "ಏನ್ ಬೀಸಬೇಕ್ರಿ?" ಎಂದು ಕೂಗಿದರು. ಫೋನಿನೊಳಗಿನ ಆ ತೆಳ್ಳಗಿನ ದನಿಯೇ, ವಯಸ್ಸಾಗಿ ಒಡೆದದ್ದು. ನನ್ನ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿಬಿಟ್ಟಿತು.

"ಬೀಸೋದೇನಿಲ್ರಿ. ನೀವು ಭಜನಿ ಹಾಡಿದ ಕ್ಯಾಸೆಟ್ ಇತ್ತಲ್ಲ, ಅದನ್ನ ನಾ ಭಾಳ ಕೇಳೀನಿ. ಕಲಬುರಗಿಯಿಂದ ನಿಮಗ ನೋಡ್ಲಾಕ ಬಂದೀನ್ರಿ."

ಅವರ ಮುಖ ಇಳಿಯಿತು. ಮೆಚ್ಚಿದವನು ಬಂದಿದ್ದಾನೆ ಎಂದರೆ ಹಾಗೆ ಮುಖ ಇಳಿದದ್ದನ್ನು ನಾನು ಎಲ್ಲೂ ನೋಡಿಲ್ಲ. ಮೋಟಾರ್ ಆರಿಸಿದರು. ಗದ್ದಲ ನಿಂತಿತು.

"ಅದು ಆಗಿ ಹೋದ ಮಾತ್ರಿ. ಯಾಕ ತೆಗೀತೀರಿ?" ಎಂದರು. ನಾನು ಅಲ್ಲಿಂದ ಕದಲದಿದ್ದಾಗ ಅವರೇ ಹೇಳಿದರು. "ಖರೇ ಹಾಡತಿದ್ದಾವ ನಮ್ಮಪ್ಪ. ಸುತ್ತ ಹಳ್ಳಿ ಮಂದಿ ಅಪ್ಪನ ಹೆಸರ ಹೇಳಿದ್ರ ಎದ್ದು ಬರತಿದ್ರು. ದಪ್ಪ ದನಿ ಅವಂದು. ಒಮ್ಮಿನೂ ಯಾರೂ ರೆಕಾರ್ಡ್ ಮಾಡಲಿಲ್ಲ, ಹಂಗೇ ಹೋದ. ಅಂವ ಹೋದಮ್ಯಾಲ ಕ್ಯಾಸೆಟ್ ಮಾಡೋರು ಬಂದ್ರು. ನಾ ಹಾಡಿದೆ. ಕ್ಯಾಸೆಟ್ ಬಂತು, ಇದೇ ಗಿರಣಿ ಮುಂದ ಹಚ್ಚಿದ್ರು. ಮಂದಿ ಕೇಳಿ, ಅಪ್ಪ ಎಲ್ಲಿ ಇಂವ ಎಲ್ಲಿ ಅಂದ್ರು. ನಾನೂ ಕೇಳಿದೆ. ಅವರಂದದ್ದು ಸುಳ್ಳಲ್ಲ. ಕೀರಲ ದನಿ. ಯಾರೋ ಬೆನ್ನ ಹತ್ಯಾರ ಅನ್ನಂಗ ಓಡತಿತ್ತು. ಅವತ್ತೇ ಬಿಟ್ಟೆ. ಆಮ್ಯಾಲ ಮನ್ಯಾಗ ಗುಣುಗುಣು ಸುದ್ದಾ ಅಂದಿಲ್ರಿ."

ಒಂದೇ ಕ್ಯಾಸೆಟ್ಟಿಗೆ ಯಾಕೆ ನಿಲ್ಲಿಸಿದರು ಎಂಬುದಕ್ಕೂ ಉತ್ತರ ಸಿಕ್ಕಿತು. ಕೇಳಿ ತಿಳಿದುಕೊಂಡದ್ದೇ ತಪ್ಪಾಯಿತು ಎಂದು ನನಗೆ ಸಂಕಟವಾಯಿತು. ನಾನು ಸಮಾಧಾನದ ಮಾತು ಆಡುವುದರಲ್ಲಿ ಮೊದಲಿನಿಂದಲೂ ದಡ್ಡ. ಏನೂ ತೋಚದೆ ಚೀಲದಿಂದ ಪ್ಲೇಯರ್ ತೆಗೆದೆ. "ನನ್ನ ಹತ್ತಿರ ಇರೋದು ಒಂದ್ ಸಲ ಕೇಳ್ರಿ" ಎಂದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದೆ. ಅವರು ಬೇಡ ಎನ್ನುವಂತೆ ಕೈ ಎತ್ತಿದರು. ಅಷ್ಟರಲ್ಲಿ ಹಾಡು ಶುರುವಾಗಿತ್ತು.

ಎತ್ತಿದ ಕೈ ಹಾಗೆಯೇ ನಿಂತಿತು. ಮೊದಲ ಸಾಲು ಮುಗಿದು, ಆ ದನಿ ದಣಿವಾರಿಸಿಕೊಳ್ಳಲು ನಿಂತಿತಲ್ಲ, ಅಲ್ಲಿ ಅವರು ನನ್ನ ತೋಳು ಹಿಡಿದರು.

"ಅಪ್ಪಂದು ಎಲ್ಲಿ ಸಿಕ್ತುರೀ ನಿಮಗ?"

ನಾನು ಬಾಯಿ ತೆರೆಯುವ ಮೊದಲೇ ಅವರು ಮನೆಯ ಬಾಗಿಲ ಕಡೆ ತಿರುಗಿ ಕೂಗಿದರು: "ಅಕ್ಕಾ! ಏ ಅಕ್ಕಾ! ಲಗೂ ಬಾ ಇಲ್ಲಿ, ಅಪ್ಪ ಹಾಡ್ಲಾಕತ್ಯಾನ!"

ರೊಟ್ಟಿ ಬಡಿಯುತ್ತಿದ್ದ ಮುದುಕಿ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದರು. ಗಂಡ ತೀರಿದ ಮೇಲೆ ಇತ್ತೀಚೆಗೆ ತವರಿಗೆ ಬಂದಿರುವ ಅಕ್ಕ ಎಂದು ಅಲ್ಲಿ ಕೂತಿದ್ದ ಹೆಂಗಸೊಬ್ಬಳು ನನಗೆ ಮೆಲ್ಲಗೆ ಹೇಳಿದಳು. ಮುದುಕಿ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದರು. ಅವರ ಬೆರಳು ಚೌಕಟ್ಟಿನ ಮೇಲೆ ತಾಳ ಹಾಕತೊಡಗಿತು. ತಮ್ಮನ ಕಣ್ಣಿನಿಂದ ನೀರು ಇಳಿದು ಕೆನ್ನೆಯ ಮೇಲಿನ ಹಿಟ್ಟಿನಲ್ಲಿ ದಾರಿ ಮಾಡಿಕೊಂಡಿತ್ತು. ನಾನು ಬೆಲ್ಟಿನ ಮಾತನ್ನು ನುಂಗಿಬಿಡಬೇಕೆಂದು ನಿಶ್ಚಯಿಸಿದೆ. ಇಡೀ ಜನ್ಮ ಹಾಡಿನ ವಿಷಯದಲ್ಲಿ ಇದ್ದದ್ದನ್ನು ಇದ್ದಹಾಗೆ ಹೇಳಿ ಎಲ್ಲರನ್ನೂ ಎದುರು ಹಾಕಿಕೊಂಡವನು ನಾನು. ಇದೊಂದನ್ನು ನುಂಗಿದರೆ ಯಾರ ಗಂಟು ಹೋಗುತ್ತದೆ?

"ಅಪ್ಪ ಅಲ್ಲ ಇದು" ಎಂದರು ಮುದುಕಿ.

"ಅಪ್ಪನೇ ಅಕ್ಕಾ. ಸರಿಯಾಗಿ ಕೇಳು."

"ಕೇಳೀನಿ. ಅಪ್ಪ ಅಲ್ಲ. ಯಾರದಿದು?" ಎಂದು ಅವರು ನನ್ನನ್ನು ದಿಟ್ಟಿಸಿದರು. ಆ ನೋಟದ ಮುಂದೆ ನನ್ನ ನಿಶ್ಚಯ ನಿಲ್ಲಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಇದು ಇವರದೇ ಕ್ಯಾಸೆಟ್, ಕಾಪಿ ಮಾಡುವಾಗ ಮಶೀನಿನ ಬೆಲ್ಟು ಸಡಿಲಾಗಿ ನಿಧಾನ ತಿರುಗಿದೆ, ಅದಕ್ಕೆ ದನಿ ದಪ್ಪವಾಗಿದೆ, ನನಗೂ ಗೊತ್ತಾದದ್ದು ಇತ್ತೀಚೆಗೆ. ಗಿರಣಿಯವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ತಮ್ಮದೇ ಗಿರಣಿಯ ಬೆಲ್ಟಿನ ಕಡೆ ಒಮ್ಮೆ ನೋಡಿದರು, ಅಷ್ಟೇ. ಕೆನ್ನೆ ಒರೆಸಿಕೊಂಡರು.

"ಹಂಗಾರ ಹಾಡಿದ್ದು ನಾ ಅಲ್ರಿ. ಮಶೀನ್ ಹಾಡ್ಯಾದ" ಎಂದರು. ಬಹಳ ಸೋತ ದನಿಯಲ್ಲಿ ಹೇಳಿದರು. ನನ್ನ ಅಷ್ಟೂ ವಾರಗಳ ಯೋಚನೆ ಇದೇ ಆಗಿತ್ತು. ಬೇರೆಯವರ ಬಾಯಲ್ಲಿ ಕೇಳಿದಾಗ ಮಾತ್ರ ಅದು ಎಷ್ಟು ಕ್ರೂರ ಎನ್ನುವುದು ಅರ್ಥವಾಯಿತು.

"ಮಶೀನಿಗಿ ಹಾಡ್ಲಾಕ ಬರತದೇನು?" ಎಂದರು ಅಕ್ಕ. ಗದರಿದಂತೆಯೇ ಇತ್ತು. "ಅಪ್ಪ ಮೂಗಿನಾಗ ಹಾಡತಿದ್ದ. ಮಂದಿಗಿ ಈಗ ನೆಪ್ಪಿಲ್ಲ, ಸತ್ತವನ್ನ ದೊಡ್ಡಾಂವ ಮಾಡ್ಯಾರ. ನಾ ಅವನ ಬಗಲಿಗಿ ಕುಂತು ತಾಳ ಹಾಕತಿದ್ದಾಕಿ. ಉಸರು ಸಾಲದೆ ಪದ ನುಂಗತಿದ್ದ, ನಾವು ಹಿಂದಿನವ್ರು ಎತ್ತಿಕೊಂಡು ಹಾಡಿ ಮುಚ್ಚತಿದ್ವಿ. ಇದರಾಗ ಒಂದು ಪದಾನೂ ಬಿದ್ದಿಲ್ಲ. ಎಷ್ಟು ನಿಧಾನ ಮಾಡಿದ್ರೂ ಬಿದ್ದಿಲ್ಲ. ಇದು ನೀನೇ. ಅಪ್ಪಗಿಂತ ಚಲೋ ಹಾಡೀದಿ."

ತಮ್ಮ ಪ್ಲೇಯರಿನ ಹತ್ತಿರ ಬಾಗಿ ಒಂದು ಸಾಲು ಕೇಳಿದರು. ಆಮೇಲೆ, ಸಣ್ಣ ಹುಡುಗನ ಸಿಟ್ಟಿನಲ್ಲಿ, "ಮತ್ತ ಅವತ್ತೇ ಯಾಕ ಹೇಳಲಿಲ್ಲ ನೀ?" ಎಂದರು.

"ಅವತ್ತು ನಾ ಗಂಡನ ಮನ್ಯಾಗಿದ್ದೆನಪ್ಪಾ. ನೀ ಹಾಡಿದ್ದು ನನಗ ಯಾರು ಕೇಳಿಸಿದ್ರು? ಇವತ್ತೇ ಕೇಳ್ಲಾಕತ್ತೀನಿ ನಾ."

ನನ್ನ ಬಳಿ ಇದ್ದ ಅಭಿಪ್ರಾಯಗಳೆಲ್ಲ, ಆ ಹೋಟೆಲಿನ ವಾದಗಳೆಲ್ಲ, ಈ ಒಂದು ಮಾತನ್ನು ಹೇಳಲು ಉಪಯೋಗಕ್ಕೆ ಬಂದಿರಲಿಲ್ಲ. ಊರೆಲ್ಲ ಹೊಗಳಿಕೊಂಡು ತಿರುಗಿದೆ, ಒಂದು ಬಸ್ಸು ಹತ್ತಿ ಬಂದು ಹಾಡಿದವರ ಮುಂದೆ ಹೊಗಳಲಿಲ್ಲ.

ಹಾಡು ನಡೆದೇ ಇತ್ತು. ಗಿರಣಿಯವರು ಜೋಳದ ಚೀಲದ ಮೇಲೆ ಕುಸಿದು ಕೂತು, ಪ್ಲೇಯರನ್ನು ತೊಡೆಯ ಮೇಲೆ ಇಟ್ಟುಕೊಂಡರು. ಹೊಸ್ತಿಲ ಬಳಿಯ ಒಬ್ಬಳಿಗೆ ಸಾಕಾಗಿ ಹೋಗಿತ್ತು. ಡಬ್ಬಿ ಎತ್ತಿಕೊಂಡು ಎದ್ದು, "ಕಾಕಾ, ಮನ್ಯಾಗ ರೊಟ್ಟಿ ಆಗಬೇಕ್ರಿ. ಬೀಸತೀರೋ ಇಲ್ಲೋ?" ಎಂದಳು.

"ತಡಿಯವ್ವಾ, ನಾ ಹಾಡ್ಲಾಕತ್ತೀನಿ" ಎಂದರು ಅವರು.

ಆಕೆ ಡಬ್ಬಿ ಕೆಳಗಿಟ್ಟು ಮತ್ತೆ ಕೂತಳು.